ಹೆರಿಗೆ ಕೋಣೆಗೆ ಬಂದ ಇನ್‌ಸ್ಪೆಕ್ಷನ್ನು

ಹೆರಿಗೆ ಯಾರನ್ನೂ ಕೇಳಿಕೊಂಡು ಬರುವುದಿಲ್ಲ. ಇನ್‌ಸ್ಪೆಕ್ಷನ್ ಮಾತ್ರ ವಾರ ಮುಂಚೆಯೇ ಹೇಳಿ ಕಳಿಸಿ ಬರುತ್ತದೆ. ಇವೆರಡೂ ಒಂದೇ ದಿನ ಒಂದೇ ಬಾಗಿಲಿಗೆ ಬಂದು ನಿಂತುಬಿಟ್ಟರೆ ಈಗ ನಾನು ಹೇಳುವಂಥವೆಲ್ಲ ಆಗುತ್ತಲೇ ಇರುತ್ತವೆ. ಮೊನ್ನೆ ತಂಗಿಯ ಮಗಳನ್ನು ಸ್ಕ್ಯಾನಿಂಗಿಗೆ ಕರೆದುಕೊಂಡು ಹೋಗಿದ್ದೆ. ಕಿಟಕಿಯೊಳಗಿನ ಹುಡುಗಿ, “ಇವತ್ತು ಮೇಲಿಂದ ಟೀಮ್ ಬರ್ತಿದೆ, ನಾಳೆ ಬನ್ನಿ” ಅಂದಳು. ನನಗೆ ನಗು ಬಂತು. ತಂಗಿಯ ಮಗಳು, “ಯಾಕ್ ದೊಡ್ಡಮ್ಮ ನಗ್ತೀರಾ?” ಅಂದಳು. “ಸದ್ಯ, ನಾಳೆ ಬನ್ನಿ ಅಂದ್ರೆ ನಾಳೆ ಬರಬಹುದಾದ ಕೆಲಸಕ್ಕೆ ಬಂದಿದೀವಲ್ಲ, ಅದಕ್ಕೆ” ಅಂದೆ.

ನಾನು ನಿವೃತ್ತಿಯಾಗುವವರೆಗೂ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲೇ ಆರೋಗ್ಯ ಇಲಾಖೆಯ ಮೇಲ್ವಿಚಾರಕಿಯಾಗಿದ್ದವಳು. ಆಫೀಸಿನವರು ಸಿಸ್ಟರ್ ಅನ್ನುತ್ತಿದ್ದರು, ಹಳ್ಳಿಯವರು ದೊಡ್ ನರ್ಸಮ್ಮ ಅನ್ನುತ್ತಿದ್ದರು. ಒಂದೊಂದು ಉಪಕೇಂದ್ರಕ್ಕೂ ಒಬ್ಬೊಬ್ಬ ಚಿಕ್ಕ ನರ್ಸಮ್ಮ. ಅವಳು ಬಸುರಿಯರನ್ನು ಸರಿಯಾಗಿ ನೋಡುತ್ತಾಳಾ ಅಂತ ನೋಡುವುದು ನನ್ನ ಕೆಲಸ. ನಾನು ಸರಿಯಾಗಿ ನೋಡುತ್ತೇನಾ ಅಂತ ನೋಡುವವರು ನಮ್ಮ ಸಾಹೇಬರು, ಅಂದರೆ ತಾಲ್ಲೂಕಿನ ಆರೋಗ್ಯಾಧಿಕಾರಿ. ಅವರನ್ನು ನೋಡಲು ಮೈಸೂರಿನಿಂದ ಬರುತ್ತಿದ್ದರು, ಮೈಸೂರಿನವರನ್ನು ನೋಡಲು ಬೆಂಗಳೂರಿನಿಂದ. ಇಷ್ಟು ಜನ ನೋಡುತ್ತಿದ್ದೆವು. ಬಸುರಿ ಕಿರುಚಿದಾಗ ಹತ್ತಿರ ಇರುತ್ತಿದ್ದವಳು ಮಾತ್ರ ಆ ಚಿಕ್ಕ ನರ್ಸಮ್ಮ ಒಬ್ಬಳೇ, ಅದೂ ಅವತ್ತು ಮೀಟಿಂಗ್ ಇಲ್ಲದಿದ್ದರೆ.

ಟೈಲ್ಸ್ ರೂಮು

ಹೆದ್ದಾರಿ ಪಕ್ಕದ ಒಂದು ಉಪಕೇಂದ್ರಕ್ಕೆ ಹೊಸ ಹೆರಿಗೆ ಕೋಣೆ ಕಟ್ಟಿಸಿದ್ದರು. ಗೋಡೆಗೆ ಅರ್ಧದವರೆಗೆ ಬಿಳಿ ಟೈಲ್ಸು. ಆ ಕಾಲಕ್ಕೆ ನಮ್ಮ ಕಡೆ ಗೋಡೆಗೆ ಟೈಲ್ಸ್ ಅಂದರೆ ಗುಂಡ್ಲುಪೇಟೆಯ ಲಾರಿ ಮಾಲೀಕರ ಮನೆಯ ಬಚ್ಚಲಲ್ಲಿ ನೋಡಬೇಕಿತ್ತು. ಬೆಂಗಳೂರಿನಿಂದ ತಂಡ ಬರುತ್ತದೆ ಅಂತ ಗೊತ್ತಾದ ಮೇಲೆ ಸಾಹೇಬರು ಹಿಂದಿನ ದಿನವೇ ಬಂದು, ಎದುರಿಗೆ ನಿಂತು ಫಿನಾಯಿಲ್ ಹಾಕಿ ತೊಳೆಸಿ, ಬೀಗ ಜಡಿದು, ಬೀಗದ ಕೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡರು. “ನಾನು ಹೇಳೋವರೆಗೂ ಒಂದು ನೊಣ ಕೂಡ ಒಳಗೆ ಹೋಗಬಾರದು ಸಿಸ್ಟರ್” ಅಂದರು.

ಮರುದಿನ ಬೆಳಿಗ್ಗೆ ಸಾಹೇಬರು ಅತಿಥಿಗಳನ್ನು ಎದುರುಗೊಳ್ಳಲು ಹೆದ್ದಾರಿಗೆ ಹೋಗಿದ್ದರು. ಅದೇ ಹೊತ್ತಿಗೆ ಟೊಮೇಟೊ ತುಂಬಿದ ಟೆಂಪೊ ಬಂದು ನಿಂತಿತು. ಕ್ರೇಟುಗಳ ನಡುವೆ ಒಬ್ಬ ಬಸುರಿ, ಅವಳನ್ನು ಹಿಡಿದುಕೊಂಡು ಅವಳ ಅತ್ತೆ. ಇಳಿಸುವಾಗಲೇ ನೀರಿನ ಚೀಲ ಒಡೆದಿತ್ತು. ಉಪಕೇಂದ್ರದ ನರ್ಸು ಕೈ ಹಿಸುಕಿಕೊಂಡು ನನ್ನ ಮುಖ ನೋಡಿದಳು. ಬೀಗ ಒಡೆಯೋಣ ಅಂತ ಕಲ್ಲು ಎತ್ತಿಕೊಂಡೆ. ಬೀಗವೂ ಹೊಸದು, ಜಗ್ಗಲಿಲ್ಲ. ಟೊಮೇಟೊ ಮೇಲೆ ಕೂತು ಬಂದಿದ್ದ ಕೂಲಿ ಹೆಂಗಸರು ತಾವಾಗಿ ಇಳಿದು, ಸೆರಗು ಬಿಚ್ಚಿ ಹಿಡಿದು, ಜಗುಲಿ ಸುತ್ತ ಮರೆಮಾಡಿದರು. ಮಗು ಜಗುಲಿಯ ಮೇಲೆ ಹುಟ್ಟಿತು. ಗಂಡು. ತಾಯಿಗೆ ಏನೂ ಆಗಲಿಲ್ಲ. ಅದು ನಮ್ಮ ಪುಣ್ಯ, ಇಲಾಖೆಯದಲ್ಲ.

ಇನ್ನೂ ಒರೆಸುತ್ತಿದ್ದೆವು, ಕಾರುಗಳು ಬಂದವು. ಬೆಂಗಳೂರಿನವರು ಕಾಲೆತ್ತಿ ಜಗುಲಿ ದಾಟುತ್ತಾ, “ಇಲ್ಲೇನಾಯ್ತು?” ಅಂತ ಕೇಳಿದರು.

“ಏನಿಲ್ಲ ಸಾರ್, ಒಂದು ಹೆರಿಗೆ ಅಷ್ಟೆ” ಅಂದರು ಸಾಹೇಬರು, ಬೀಗ ತೆಗೆಯುತ್ತಾ.

ಅತಿಥಿಗಳು ಒಳಗೆ ಹೋಗಿ ಟೈಲ್ಸಿನ ಮೇಲೆ ಬೆರಳಾಡಿಸಿ, ಒಂದು ಕಲೆಯೂ ಇಲ್ಲ ಅಂತ ಮೆಚ್ಚಿಕೊಂಡು ಹೊರಟುಹೋದರು. ಮೂಲೆಯಲ್ಲಿ ಮೊಮ್ಮಗನನ್ನು ಎತ್ತಿಕೊಂಡು ಕೂತಿದ್ದ ಅತ್ತೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದಳು: “ಒಳಗಡೆ ಯಾರಿದ್ರವ್ವ, ಬೀಗ ಆಕಿದ್ರಲ್ಲ?”

“ಯಾರೂ ಇಲ್ಲಜ್ಜಿ. ಹೊಸ ಟೈಲ್ಸು.”

“ಓ, ಅಷ್ಟೇನಾ. ನಾನು ದೇವ್ರು ಕೂರ್ಸವ್ರೆ, ಮೈಲ್ಗೆ ಆಯ್ತದೆ ಅಂತ ನಮ್ ಸೊಸೇನ ಒಳಕ್ ಬುಡ್ನಿಲ್ಲ ಅನ್ಕೊಂಡೆ.”

ಗೂಡಿನಲ್ಲಿ ಕತ್ತರಿ

ಇನ್ನೊಂದು ಕಡೆ ಇಲಾಖೆ ನಿಜವಾಗಿಯೂ ದೇವರ ಹತ್ತಿರಕ್ಕೇ ಹೋಗಿತ್ತು.

ಸೂಲಗಿತ್ತಿಯರಿಗೆಲ್ಲ ತರಬೇತಿ ಕೊಟ್ಟು, ಕೊನೆಯ ದಿನ ಒಂದೊಂದು ಅಲ್ಯೂಮಿನಿಯಂ ಪೆಟ್ಟಿಗೆ ಕೊಟ್ಟಿದ್ದೆವು. ಅದರಲ್ಲಿ ಕತ್ತರಿ, ದಾರ, ಸೋಪು, ಉಗುರು ತಿಕ್ಕುವ ಬ್ರಷ್ಷು. ಪೆಟ್ಟಿಗೆ ಉಪಯೋಗ ಆಗುತ್ತಿದೆಯಾ ಅಂತ ಪರೀಕ್ಷೆ ಮಾಡಲು ಸಾಹೇಬರು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಒಂದು ಹಳ್ಳಿಗೆ ಹೊರಟರು. ಸೂಲಗಿತ್ತಿ ನಡುವಯಸ್ಸಿನ ಹೆಂಗಸು. ಊರಿನ ಅರ್ಧ ಜನ ಅವಳ ಕೈಯಲ್ಲೇ ಭೂಮಿಗೆ ಇಳಿದವರು.

“ಪೆಟ್ಟಿಗೆ ಎಲ್ಲಮ್ಮ?” ಅಂದರು ಸಾಹೇಬರು.

ಅವಳು ಸಂತೋಷದಿಂದ ಒಳಗೆ ಕರೆದಳು. ದೇವರ ಗೂಡಿನಲ್ಲಿ, ಮಾದಪ್ಪನ ಪಟದ ಪಕ್ಕದಲ್ಲಿ ಪೆಟ್ಟಿಗೆ ಇತ್ತು. ಮುಚ್ಚಳ ತೆಗೆದಿಟ್ಟಿದ್ದಳು. ಕತ್ತರಿಗೆ ವಿಭೂತಿ, ಸೋಪಿಗೆ ಕುಂಕುಮ, ಮೇಲೆ ಅವತ್ತಿನದೇ ಸೇವಂತಿಗೆ.

ಸಾಹೇಬರ ಮುಖ ಕೆಂಪಾಯಿತು. “ಇದನ್ನ ಯಾಕೆ ಉಪಯೋಗಿಸಿಲ್ಲ?”

“ಸರ್ಕಾರ ಕೊಟ್ಟಿರದು ಸಾಮಿ. ಸೋಪು ಸವೆದೋದ್ರೆ, ಕತ್ತರಿ ಮೊಂಡಾದ್ರೆ ಇನ್ನೊಂದ್ ಕೊಟ್ಟಾರಾ?”

ಇನ್ನೊಂದು ಕೊಡುವುದಿಲ್ಲ ಅಂತ ಸಾಹೇಬರಿಗೂ ಗೊತ್ತು, ನನಗೂ ಗೊತ್ತು. ಅವರು, “ಮತ್ತೆ ಹೊಕ್ಕಳುಬಳ್ಳಿ ಯಾವುದರಲ್ಲಿ ಕತ್ತರಿಸ್ತೀಯಾ?” ಅಂದರು.

“ಮನೇಲಿ ಸೊಪ್ಪು ಕುಯ್ಯೋ ಕುಡ್ಲು ಇಲ್ವಾ ಸಾಮಿ.”

ಸಾಹೇಬರು ಅಲ್ಲೇ ನಿಂತು, ಧನುರ್ವಾಯು ಹೇಗೆ ಬರುತ್ತದೆ, ಮಗು ಹೇಗೆ ಬಿಲ್ಲಿನ ಹಾಗೆ ಬಾಗಿ ಸಾಯುತ್ತದೆ ಅಂತ ಬಿಡಿಸಿ ಬಿಡಿಸಿ ಹೇಳಿದರು. ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆ ವರ್ಷ ಅಂಥ ಕೂಸೊಂದನ್ನು ನಾನೇ ಕಣ್ಣಾರೆ ನೋಡಿದ್ದೆ, ಈಗ ನೆನೆದರೂ ಊಟ ಸೇರುವುದಿಲ್ಲ. ಸೂಲಗಿತ್ತಿ ಕಣ್ಣೀರು ಹಾಕಿಕೊಂಡು, ಇನ್ನು ಮೇಲೆ ಕತ್ತರಿಯನ್ನೇ ತೆಗೆದುಕೊಂಡು ಹೋಗುತ್ತೇನೆ ಅಂತ ಗೂಡಿನ ಮುಂದೆ ಕೈಮುಗಿದು ಒಪ್ಪಿಕೊಂಡಳು.

ವಾಪಸ್ ಬರುವಾಗ ದಾರಿಯುದ್ದಕ್ಕೂ ಸಾಹೇಬರು ಮೂಢನಂಬಿಕೆಯ ಬಗ್ಗೆ ಮಾತಾಡಿದರು. ಆಫೀಸಿಗೆ ಬಂದು, ಯಾವುದೋ ಔಷಧಿ ಬೇಕಾಗಿ ಸ್ಟೋರ್ ರೂಮಿನ ಬಾಗಿಲು ತೆಗೆಸಿದರು. ಹೆರಿಗೆ ಸಾಮಾನುಗಳನ್ನು ಬೇಯಿಸಿ ಶುದ್ಧ ಮಾಡುವ ದೊಡ್ಡ ಯಂತ್ರ, ಬಂದು ವರ್ಷವಾಗಿದ್ದದ್ದು, ಪ್ಲಾಸ್ಟಿಕ್ ಕವರಿನಲ್ಲೇ ನಿಂತಿತ್ತು. ಕವರಿನ ಮೇಲೆ ಆಯುಧಪೂಜೆಯ ಕುಂಕುಮ, ಒಣಗಿ ಕಡ್ಡಿಯಾದ ಹಾರ. ಯಾಕೆ ಇನ್ನೂ ಬಿಚ್ಚಿಲ್ಲ ಅಂದರೆ ಸ್ಟೋರಿನವನು, “ಕೆಟ್ಟೋದ್ರೆ ಇನ್ನೊಂದು ಕೊಡಲ್ವಲ್ಲ ಸಾರ್” ಅಂದ.

ಬಾಗಿಲಲ್ಲಿ ನಿಂತಿದ್ದ ಜೀಪಿನ ಡ್ರೈವರ್ ನನ್ನ ಕಿವಿಯ ಹತ್ತಿರ ಅಂದ: “ಆ ಯಮ್ಮನೇ ವಾಸಿ ಕಣಕ್ಕ, ದಿನಾ ಹೂವಾದ್ರೂ ಬದಲಾಯಿಸ್ತದೆ.”

ಎರಡು ಗಂಟೆ ವಿಶ್ರಾಂತಿ

ತೆರಕಣಾಂಬಿ ಕಡೆ ಒಂದು ಊರಿನಲ್ಲಿ ತಾಯಂದಿರ ಸಭೆ. ಈರುಳ್ಳಿ ಕೀಳುವ ಕಾಲ. ಹೆಂಗಸರೆಲ್ಲ ಹೊಲದಿಂದ ನೇರ ಬಂದು, ಮಣ್ಣು ಕೈಯಲ್ಲೇ ಕೂತಿದ್ದರು. ಸಾಹೇಬರು ಚೆನ್ನಾಗಿ ಮಾತಾಡುತ್ತಿದ್ದರು. ಬಸುರಿಯರು ಹಾಲು ಕುಡಿಯಬೇಕು, ಸೊಪ್ಪು ತಿನ್ನಬೇಕು, ಭಾರ ಎತ್ತಬಾರದು, ಮಧ್ಯಾಹ್ನ ಎರಡು ಗಂಟೆ ಎಡಮಗ್ಗುಲಿಗೆ ಮಲಗಬೇಕು ಅಂದರು.

ಮುಂದಿನ ಸಾಲಿನಲ್ಲಿ ತುಂಬು ಬಸುರಿಯೊಬ್ಬಳು, ಕಾಲು ಊದಿಕೊಂಡಿದ್ದವು, ಮೆಲ್ಲಗೆ ಕೈಯೆತ್ತಿದಳು. “ಆ ಮಲಗೋದು ಒಂದ್ನ ನಮ್ಮತ್ತೆಗೆ ಏಳ್ಬುಡಿ ಸಾ.”

ಸಾಹೇಬರು ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿದರು. “ಏನಮ್ಮ, ಸೊಸೆಗೆ ಎರಡು ಗಂಟೆ ಮಲಗೋಕೆ ಬಿಡಲ್ವಾ?”

“ನಂಗೇನ್ ಸಾ, ದಿನಗಟ್ಲೆ ಮನೀಕೊಳ್ಳಿ. ಹೊಲ್ದ ಸಾವ್ಕಾರ್ರು ಬುಡ್ಬೇಕಲ್ಲ. ಅವ್ರಿಗ್ ಏಳಿ.”

“ಯಾರು ನಿಮ್ಮ ಸಾಹುಕಾರರು? ಎಲ್ಲಿದಾರೆ? ನಾನೇ ಹೇಳ್ತೀನಿ.”

ಅತ್ತೆ ವೇದಿಕೆಯ ಕಡೆ ಕೈ ತೋರಿಸಿದಳು. ಸಾಹುಕಾರರು ಸಾಹೇಬರ ಪಕ್ಕದಲ್ಲೇ ಕೂತಿದ್ದರು. ಸಭೆಯ ಅಧ್ಯಕ್ಷರು ಅವರೇ. ಶಾಮಿಯಾನ ಅವರದು, ಕುರ್ಚಿ ಅವರದು, ಸಾಹೇಬರ ಕೊರಳಲ್ಲಿದ್ದ ಹಾರವೂ ಅವರದೇ.

ಅವರಿಗೆ ಬೇಜಾರೇನೂ ಆಗಲಿಲ್ಲ. ಎದ್ದು ನಿಂತು ಮೈಕು ಹಿಡಿದು ಅಧ್ಯಕ್ಷ ಭಾಷಣ ಮಾಡಿದರು: “ಡಾಕ್ಟ್ರು ಬಾಳ ಚೆನ್ನಾಗಿ ಏಳವ್ರೆ. ಎಲ್ಲಾರೂ ಇದ್ನ ಪಾಲಿಸ್ಬೇಕು. ತಾಯಿ ಚೆಂದಾಗಿದ್ರೆ ಊರು ಚೆಂದಾಗಿರ್ತದೆ. ಈಗ ಬೇಗ ಬೇಗ ಎದ್ದೇಳಿ, ಕೇರಳದ ಲಾರಿ ಬಂದ್ ನಿಂತದೆ.”

ಯಾರ ಲೆಕ್ಕಕ್ಕೆ

ಇದನ್ನು ಹಾಸ್ಯ ಅಂತ ಹೇಳಬೇಕೋ ಬೇಡವೋ ನನಗೆ ಇನ್ನೂ ಗೊತ್ತಿಲ್ಲ. ಆದರೆ ಅವತ್ತು ಮೀಟಿಂಗಿನಲ್ಲಿ ಕೆಲವರು ನಕ್ಕಿದ್ದು ನಿಜ.

ಬಾಣಂತಿಯೊಬ್ಬಳು ತೀರಿಕೊಂಡಿದ್ದಳು. ಮೊದಲ ಹೆರಿಗೆಗೆ ತವರಿಗೆ ಬಂದಿದ್ದ ಹುಡುಗಿ. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ಬಾಡಿಗೆ ವ್ಯಾನು ಹಿಡಿದು ಮೈಸೂರಿನ ಕಡೆ ಹೊರಟಿದ್ದರು, ದಾರಿಯಲ್ಲೇ ಪ್ರಾಣ ಹೋಯಿತು. ಅಂಥ ಸಾವಾದರೆ ವಿಚಾರಣೆ ಮಾಡಿ, ಎಲ್ಲಿ ತಪ್ಪಾಯಿತು ಅಂತ ತಿಳಿಯಬೇಕು ಅನ್ನುವುದು ನಿಯಮ. ಒಳ್ಳೆಯ ನಿಯಮವೇ. ದೊಡ್ಡ ಮೇಜು, ಸುತ್ತ ಸಾಹೇಬರುಗಳು, ಬೋಂಡ, ಕಾಫಿ. ಹೇಳಿಕೆ ಕೊಡಲು ಹುಡುಗಿಯ ಅಪ್ಪನನ್ನು ಕರೆಸಿದ್ದರು. ಆತ ತಲೆಗೆ ಸುತ್ತಿದ್ದ ಟವೆಲನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ.

ತವರಿನ ತಾಲ್ಲೂಕಿನ ಸಾಹೇಬರು ಮೊದಲು ಮಾತಾಡಿದರು. “ಮದುವೆಯಾದ ಮೇಲೆ ಅವಳು ಗಂಡನ ಊರಿನವಳು. ಬಸುರಿ ಅಂತ ಹೆಸರು ಬರೆಸಿದ್ದೂ ಅಲ್ಲೇ. ಈ ಸಾವು ನಮ್ಮ ಲೆಕ್ಕಕ್ಕೆ ಬರಲ್ಲ.”

ಗಂಡನ ಊರಿನ ತಾಲ್ಲೂಕಿನವರು ಬೋಂಡ ಕೆಳಗಿಟ್ಟರು. “ಹೆಸರು ಬರೆಸಿದ್ರೆ ಏನಾಯ್ತು? ಹೆತ್ತಿದ್ದು ನಿಮ್ಮಲ್ಲಿ. ರಕ್ತ ಹೋಗಿದ್ದು ನಿಮ್ಮಲ್ಲಿ. ನಮ್ಮ ಲೆಕ್ಕ ಹೇಗಾಗುತ್ತೆ?”

ಇಬ್ಬರೂ ಸೇರಿ ಮೂರನೆಯವರ ಕಡೆ ತಿರುಗಿದರು, ವ್ಯಾನು ನಿಂತ ಜಾಗದ ತಾಲ್ಲೂಕಿನವರ ಕಡೆ. ಅವರು ನಕ್ಕುಬಿಟ್ಟರು. “ರೋಡಲ್ಲಿ ಹೋಗೋರೆಲ್ಲ ನಮ್ಮೋರಾ ಸ್ವಾಮಿ?”

ಯಾವ ಊರು ದಾಟುವಾಗ ಉಸಿರು ನಿಂತಿತು ಅಂತ ಅಪ್ಪನನ್ನು ಕೇಳಿದರು. ಆತ, “ನಾನ್ ಊರ್ ನೋಡ್ನಿಲ್ಲ ಸಾಮಿ, ಮಗಳ ಮೊಕ ನೋಡ್ತಿದ್ದಿ” ಅಂದ. ಅದರಿಂದ ಏನೂ ಇತ್ಯರ್ಥವಾಗಲಿಲ್ಲ ಅಂತ ಮತ್ತೆ ಶುರು ಮಾಡಿದರು. ವ್ಯಾನು ಯಾಕೆ ತಡವಾಯಿತು, ಹತ್ತಿರದಲ್ಲಿ ರಕ್ತ ಯಾಕೆ ಸಿಗಲಿಲ್ಲ, ಹೆರಿಗೆ ಮಾಡಿಸಿದವರು ಅವಳನ್ನು ಯಾಕೆ ಬೇಗ ಕಳಿಸಲಿಲ್ಲ, ಯಾರೂ ಕೇಳಲಿಲ್ಲ. ನಾನು ಒಮ್ಮೆ ಬಾಯಿ ತೆಗೆದೆ. “ಒಂದ್ನಿಮಿಷ ಇರಿ ಸಿಸ್ಟರ್, ಮೊದಲು ಇದು ತೀರ್ಮಾನ ಆಗಲಿ” ಅಂದರು.

ಆಗ ಅಪ್ಪ ಎದ್ದು ನಿಂತ. ಸಿಟ್ಟಿರಲಿಲ್ಲ. ಸಂತೆಯಲ್ಲಿ ವ್ಯಾಪಾರ ಕುದುರದಾಗ ಎದ್ದು ನಿಲ್ಲುವ ಹಾಗೆ ನಿಂತ. “ಸಾಮಿ, ನಿಮ್ಗ್ಯಾರ್ಗೂ ಬ್ಯಾಡ ಅಂದ್ರೆ ನನ್ ಮಗಳ್ನ ನನ್ ಲೆಕ್ಕುಕ್ಕೇ ಬರ್ಕೊಬುಡಿ. ನಂಗೆ ಬೇಕು.”

ನಾನು ಎದ್ದು ಆತನ ಕೈಗೆ ಒಂದು ಲೋಟ ನೀರು ಕೊಟ್ಟೆ.

ನಡಾವಳಿ ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆಯೆತ್ತಿದ. “ಸಾರ್, ಇವರದು ಯಾವ ತಾಲ್ಲೂಕು ಅಂತ ಬರ್ಕೊಳ್ಳಲಿ?”

ಮೂವರೂ ಮತ್ತೆ ಶುರು ಮಾಡಿದರು.

ಕಾರಣ ಕೇಳಿ ನೋಟೀಸು

ನನ್ನ ಕೈಕೆಳಗೆ ಒಬ್ಬ ಚಿಕ್ಕ ನರ್ಸಮ್ಮ ಇದ್ದಳು. ಹರದನಹಳ್ಳಿಯ ಕಡೆಯ ಹುಡುಗಿ, ಗಂಡ ಗುಂಡ್ಲುಪೇಟೆ ಮಾರ್ಕೆಟ್ಟಿನಲ್ಲಿ ತರಕಾರಿ ಮಂಡಿ ಗುಮಾಸ್ತ. ಒಳಗಿನ ಒಂದು ಹಳ್ಳಿಯ ಉಪಕೇಂದ್ರ ಅವಳದು. ಅಲ್ಲಿ ನರ್ಸಿನ ವಸತಿಯ ಚಾವಣಿ ಬಿದ್ದುಹೋಗಿದ್ದರಿಂದ ಅದೇ ಊರಿನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದಳು. ಅವಳು ಬಸುರಿಯಾದಳು. ದಿನ ತುಂಬುತ್ತಾ ಬಂದಾಗ ಹೆರಿಗೆ ರಜೆಗೆ ಅರ್ಜಿ ಹಾಕಿದಳು. ಆಗ ಬೇರೆ ಸಾಹೇಬರು ಬಂದಿದ್ದರು. ಅರ್ಜಿಯ ಮೇಲೆ ಅವರು ಬರೆದರು: “ಬದಲಿ ಸಿಬ್ಬಂದಿ ಲಭ್ಯವಿಲ್ಲ. ಮುಂದೂಡಬಹುದೇ, ಪರಿಶೀಲಿಸಿ.” ನಾನು ಜಗಳವಾಡಿ ಬಂದೆ. ರಜೆ ಮುಂದೆ ಹೋಯಿತು. ಹೆರಿಗೆ ಹೋಗಲಿಲ್ಲ.

ಒಂದು ಬೆಳಿಗ್ಗೆ ಅವಳಿಗೆ ನೋವು ಶುರುವಾಯಿತು. ಊರಿಗೆ ಬರುವ ಬಸ್ಸು ಯಾವುದೋ ಪಕ್ಷದ ಸಮಾವೇಶಕ್ಕೆ ಹೋಗಿತ್ತು. ಈಗಿನ ಹಾಗೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುವ ಕಾಲವೂ ಅಲ್ಲ. ಗಂಡ ಗಾಬರಿಯಾಗಿ ರಸ್ತೆಯಲ್ಲಿ ನಿಂತಿದ್ದಾಗ ನಮ್ಮ ಇಲಾಖೆಯ ಜೀಪೇ ಎದುರಿಗೆ ಬಂತಂತೆ. ಅವತ್ತು ಸುರಕ್ಷಿತ ತಾಯ್ತನದ ಜಾಥಾ. ಜೀಪಿನ ಮೇಲೆ ಮೈಕು ಕಟ್ಟಿದ್ದರು. “ಗರ್ಭಿಣಿಯರೇ, ಆಸ್ಪತ್ರೆಯಲ್ಲೇ ಹೆರಿಗೆ ಮಾಡಿಸಿಕೊಳ್ಳಿ” ಅಂತ ಕೂಗುತ್ತಾ ಜೀಪು ಹೋಗುತ್ತಿತ್ತು. ಗಂಡ ಎರಡೂ ಕೈ ಬೀಸುತ್ತಾ ಹಿಂದೆ ಓಡಿದ. ಮೈಕಿನ ಗದ್ದಲದಲ್ಲಿ ಅವನ ಕೂಗು ಯಾರಿಗೆ ಕೇಳಬೇಕು? ಒಳಗಿದ್ದವರು ಜನರಿಂದ ಇಷ್ಟು ಒಳ್ಳೆಯ ಸ್ಪಂದನೆ ಎಲ್ಲೂ ಸಿಕ್ಕಿರಲಿಲ್ಲ ಅಂತ ಖುಷಿಯಾಗಿ ತಿರುಗಿ ಕೈಬೀಸಿ ಹೊರಟುಹೋದರು.

ಕೊನೆಗೆ ಪಕ್ಕದ ಮನೆಯ ಹೆಂಗಸರೇ ಬಂದರು. ಹೆಣ್ಣು ಮಗು ಹುಟ್ಟಿತು. ಆಮೇಲೆ ರಕ್ತ ಜಾಸ್ತಿ ಹೋಗಲು ಶುರುವಾಗಿ ಇವಳಿಗೆ ಕಣ್ಣು ಕತ್ತಲೆ ಬಂತು. ಸಾಯುತ್ತೇನೆ ಅಂತಲೇ ಅನ್ನಿಸಿತಂತೆ. ಮಲಗಿದ್ದಲ್ಲಿಂದಲೇ, “ಹೊಟ್ಟೆ ಗಟ್ಟಿಯಾಗಿ ನೀವಿ ಅಕ್ಕ, ನಿಲ್ಲಿಸ್ಬೇಡಿ. ಮಗೂನ ಎದೆಗೆ ಹಾಕಿ” ಅಂತ ತಾನು ಓದಿದ್ದನ್ನೆಲ್ಲ ಹೇಳಿ ಹೇಳಿ ಮಾಡಿಸಿಕೊಂಡಳು. ದೇವರು ದೊಡ್ಡವನು, ಉಳಿದಳು.

ಬಾಣಂತನ ಮುಗಿಯುವ ಮೊದಲೇ ಅವಳಿಗೆ ನೋಟೀಸು ಬಂತು. “ತಮ್ಮ ವ್ಯಾಪ್ತಿಯಲ್ಲಿ ಮನೆಯಲ್ಲೇ ಹೆರಿಗೆಯೊಂದು ಆಗಿರುವುದು ಗಮನಕ್ಕೆ ಬಂದಿರುತ್ತದೆ. ಸದರಿ ಹೆರಿಗೆಯ ಸಮಯದಲ್ಲಿ ತಾವು ಕರ್ತವ್ಯದಲ್ಲಿ ಹಾಜರಿರಲಿಲ್ಲವೇಕೆ? ಆಸ್ಪತ್ರೆಗೆ ಹೋಗುವಂತೆ ಸದರಿ ತಾಯಿಗೆ ತಿಳಿವಳಿಕೆ ನೀಡಿದ್ದಿರಾ?”

ನಾನು ಸಾಹೇಬರ ಹತ್ತಿರ ಓಡಿದೆ. “ಸಾರ್, ಆ ತಾಯಿ ಮತ್ತೆ ಈ ನರ್ಸು ಇಬ್ಬರೂ ಒಬ್ಬಳೇ.”

ಅವರು ಕಡತ ತೆಗೆದು ನೋಡಿದರು. “ಮನುಷ್ಯರು ಒಬ್ಬರೇ ಇರಬಹುದು ಸಿಸ್ಟರ್, ವಿಷಯ ಎರಡು. ನೋಟೀಸು ಹೊರಟಿದೆ, ವಾಪಸ್ ತಗೊಳ್ಳೋಕೆ ಬರಲ್ಲ. ಇಬ್ಬರ ಹೇಳಿಕೇನೂ ಪಡೆದು ಕಳಿಸಿ.”

ಹೋದೆ. ಅವಳು ತಲೆಗೆ, ಕಿವಿಗೆ ಬಟ್ಟೆ ಕಟ್ಟಿಕೊಂಡು, ಸಾಂಬ್ರಾಣಿ ಹೊಗೆಯ ಮಧ್ಯೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ನೋಟೀಸು ಓದಿ ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಆಮೇಲೆ ಮೂಗು ಒರೆಸಿಕೊಂಡು, “ಕೇಳಿ ಸಿಸ್ಟರ್, ಹೇಳ್ತೀನಿ” ಅಂದಳು.

“ಹೆರಿಗೆ ಸಮಯದಲ್ಲಿ ನರ್ಸ್ ಹಾಜರಿದ್ರಾ?”

“ಇದ್ದೆ. ಬಿಟ್ಟು ಹೋಗೋಣ ಅಂತ ತುಂಬ ಅನ್ನಿಸ್ತು, ಆಗಲಿಲ್ಲ.”

“ತಾಯಿಗೆ ತಿಳಿವಳಿಕೆ ಕೊಟ್ಟಿದ್ರಾ?”

“ಒಂಬತ್ತು ತಿಂಗಳೂ ಕೊಟ್ಟಿದೀನಿ. ಅವಳಿಗೆ ಎಲ್ಲ ಗೊತ್ತು, ಗಾಡಿ ಒಂದು ಸಿಗಲಿಲ್ಲ.”

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು ಹೋಗಿ ಸಾಹೇಬರ ಮುಂದಿಟ್ಟೆ. ಅವರು ನಗದೆ ಪೂರ್ತಿ ಓದಿದರು. ನರ್ಸು ಹಾಜರಿದ್ದುದಕ್ಕೆ ಸಾಕ್ಷಿ ಸಾಲದು ಅಂದರು. ಆದರೂ ಮಾನವೀಯತೆಯಿಂದ ಎಚ್ಚರಿಕೆಯಷ್ಟೇ ಕೊಟ್ಟು, ಕೆಳಗೆ ಆಜ್ಞೆ ಬರೆದರು: “ಸದರಿ ನರ್ಸು ಸದರಿ ತಾಯಿಯ ಮನೆಗೆ ಆಗಾಗ ಭೇಟಿ ನೀಡಿ, ಮುಂದಿನ ಹೆರಿಗೆಗೆ ಉಪಕೇಂದ್ರಕ್ಕೇ ಬರುವಂತೆ ಮನವೊಲಿಸತಕ್ಕದ್ದು.”

ಮುಂದಿನ ಸಾರಿ ನಾನು ಆ ಊರಿಗೆ ಹೋದಾಗ ಅವಳು ಬಾಗಿಲಲ್ಲಿ ನಿಂತು ಮಗುವಿಗೆ ಬಿಸಿಲು ಕಾಯಿಸುತ್ತಿದ್ದಳು.

“ಏನಮ್ಮಿ, ಸಾಹೇಬರು ಹೇಳಿದ ಹಾಗೆ ಆ ತಾಯಿಗೆ ಬುದ್ಧಿ ಹೇಳ್ತಿದೀಯಾ?” ಅಂದೆ.

“ದಿನಾ ಬೆಳಿಗ್ಗೆ ತಲೆ ಬಾಚ್ಕೊಳ್ಳುವಾಗ ಕನ್ನಡಿ ಮುಂದೆ ನಿಂತು ಹೇಳ್ತಿದೀನಿ ಸಿಸ್ಟರ್. ಒಪ್ತಾ ಇಲ್ಲ.”

“ಏನಂತಾಳೆ?”

“ಆ ಸಬ್‌ಸೆಂಟರ್‌ಗೆ ಮಾತ್ರ ಬರಲ್ವಂತೆ. ಹೆರಿಗೆ ಟೈಮಿಗೆ ಅಲ್ಲಿ ನರ್ಸೇ ಇರಲ್ವಂತೆ.”